ಎರಡು ಸೈಕಲ್ಲಿನ ಕಾಕಾ

ಮೊನ್ನೆ ಪಂಚರ್ ಅಂಗಡಿಯ ಮುಂದೆ ನಿಂತಿದ್ದಾಗ ಟ್ಯೂಬಿಗೆ ಹಚ್ಚುವ ಸಲ್ಯೂಷನ್ನಿನ ವಾಸನೆ ಮೂಗಿಗೆ ಬಡಿಯಿತು. ಎಂಬತ್ತರ ದಶಕದಲ್ಲಿ, ಸೈಕಲ್ಲಿನ ಪಂಚರ್ ತಾನೇ ಹಾಕಿಕೊಳ್ಳುತ್ತಿದ್ದ ನಮ್ಮ ಬಾಜು ಮನೆಯ ಕಾಕಾನ ಕೈಗೆ ಸದಾ ಅದೇ ವಾಸನೆ…

ನಮ್ಮೂರು ಯರಗುಪ್ಪಿಯ ಆಚೆ, ಬಸ್ಸು ನಿಲ್ಲುವ ಕ್ರಾಸಿನಿಂದ ದೂರ, ಎರೆಹೊಲಗಳ ನಡುವೆ. ಕಾಕಾ ನಸುಕಿನಲ್ಲೇ ಸೈಕಲ್ ಹತ್ತಿ ಕ್ರಾಸಿಗೆ ಹೋಗಿ, ಅದನ್ನು ಚಹಾದಂಗಡಿಗೆ ಆನಿಸಿ, ಹುಬ್ಬಳ್ಳಿ ಬಸ್ಸು ಹಿಡಿಯುತ್ತಿದ್ದ. ಆ ಸೈಕಲ್ಲಿಗೆ ಮಡ್‌ಗಾರ್ಡೇ ಇರಲಿಲ್ಲ. ಎರೆಮಣ್ಣು ಮೆತ್ತಿಕೊಂಡರೆ ಗಾಲಿ ತಿರುಗುವುದಿಲ್ಲವೆಂದು ನಮ್ಮ ಕಡೆ ಎಲ್ಲರೂ ಬಿಚ್ಚಿಡುತ್ತಿದ್ದರು. ಆದರೂ ಜೋರು ಮಳೆಯ ದಿನ ಸೈಕಲ್ಲೇ ಕಾಕಾನ ಹೆಗಲೇರುತ್ತಿತ್ತು.

ಹುಬ್ಬಳ್ಳಿಯ ಅಂಚಿನ ಹೊಸ ಬಡಾವಣೆಗೆ ನೀರು ಬಿಡುವುದು ಅವನ ಕೆಲಸ. ಬಡಾವಣೆ ಮಾಡಿದ ಪುಣ್ಯಾತ್ಮರು ಅಲ್ಲಿಗೆ ಬಸ್ಸೂ ಬರಬೇಕೆಂಬುದನ್ನು ಮರೆತಿದ್ದರು. ಹಾಗಾದರೆ ಬಸ್ಸಿಳಿದ ಮೇಲೆ ಕಾಕಾ ಹೇಗೆ ಹೋಗುತ್ತಾನೆ? ಊರಲ್ಲಿ ಯಾರೂ ಯೋಚಿಸಿರಲಿಲ್ಲ.

ಒಮ್ಮೆ ಹುಬ್ಬಳ್ಳಿ ಸಂತೆಗೆ ಹೋದವರು ಸುದ್ದಿ ತಂದರು. ಕಾಕಾ ಬಸ್ಸಿಳಿಯುವಲ್ಲಿ ಇನ್ನೊಂದು ಸೈಕಲ್ ಇಟ್ಟಿದ್ದಾನಂತೆ, ಖಾನಾವಳಿ ನಡೆಸುವ ಹೆಂಗಸೊಬ್ಬಳ ಪಡಸಾಲೆಯಲ್ಲಿ. ಥಳಥಳ ಹೊಳೆಯುತ್ತದಂತೆ, ಕ್ಯಾರಿಯರ್ ಮೇಲೆ ಮೆತ್ತನೆಯ ಗಾದಿ ಬೇರೆ! ಎರಡು ಸೈಕಲ್ ಎಂದರೆ ಎರಡು ಸಂಸಾರ ಎಂದು ಊರು ತೀರ್ಮಾನಿಸಿಬಿಟ್ಟಿತು. ಊರ ಬಾಯಿ ಮುಚ್ಚಲಾದೀತೇ?

ಕಾಕಾನ ಹೆಂಡತಿ ಕಾಕು ನನ್ನನ್ನು ಕರೆದಳು. ಆಗ ನಾನು ಹುಬ್ಬಳ್ಳಿಯ ಕಾಲೇಜಿಗೆ ಹೋಗುತ್ತಿದ್ದೆ.

"ಆ ಗಾದಿ ಮ್ಯಾಲ ಯಾರು ಕುಂಡ್ರತಾರ, ನಾಳಿ ಕಣ್ಣಾರೆ ನೋಡ್ಕೊಂಡ ಬಾ. ಯಾವಾಕಿರ ಇದ್ಲಂದ್ರ ನಾ ತವರಿಗೆ ಹೋಗಾಕಿ. ತಿರುಗಿ ಬರಂಗಿಲ್ಲ."

ಸೀರೆಗಳ ಗಂಟು ಆಗಲೇ ಮೂಲೆಯಲ್ಲಿತ್ತು.

ಮರುದಿನ ಬಸ್ಸಿಳಿದು, ಬಾಡಿಗೆ ಸೈಕಲ್ಲಿನಲ್ಲಿ ಕಾಕಾನ ಬೆನ್ನು ಹತ್ತಿದೆ. ಕಾಕಾ ಖಾನಾವಳಿಯಿಂದ ಸೈಕಲ್ ಹೊರತೆಗೆದ. ಗಾದಿಯ ಮೇಲೆ ತನ್ನ ಬುತ್ತಿಯನ್ನು ಕೂರಿಸಿ ಹಗ್ಗ ಬಿಗಿದು, ಒಬ್ಬನೇ ಹೊರಟ. ಬಡಾವಣೆಯ ದಾರಿಯೆಂದರೆ ಬರೀ ಜಲ್ಲಿಕಲ್ಲು. ನಾನು ದಡಾರನೆ ಬಿದ್ದೆ, ಅವನು ತಿರುಗಿ ನೋಡಿದ.

"ಯಾಕಲೇ, ನಿನ್ನ ಕಾಲೇಜು ಇತ್ತಾಗ ಬಂದೈತೇನ?"

ಗಾದಿ ಯಾಕೆಂದು ಕೇಳಿಯೇಬಿಟ್ಟೆ.

"ಈ ಕಲ್ಲಾಗ ಮಸರೆಲ್ಲಾ ಚೆಲ್ತಿತ್ತಲೇ. ನಿಮ್ಮ ಕಾಕು ನಸಕಿನ್ಯಾಗ ಎದ್ದು ಕಟ್ಟಿದ ಬುತ್ತಿ. ಚೆಲ್ಲಿತಂದ್ರ ಮನಸಿಗೆ ಹ್ಯಾಂಗ ಆಗತೈತಿ?"

ಸಂಜೆ ಇದನ್ನು ಹೇಳಿದಾಗ ಕಾಕು ಕೆಂಡವಾದಳು. "ಮಸರಿಗೆ ಗಾದಿ! ಮನ್ಯಾಗ ನಾ ಚಾಪಿ ಮ್ಯಾಲ ಮಲಗ್ತೀನಿ!" ಬೈಯುತ್ತಲೇ ಗಂಟು ಬಿಚ್ಚಿ ಸೀರೆಗಳನ್ನು ಟ್ರಂಕಿಗೆ ಹಾಕಿದಳು. ನನಗೆ ನಗು ತಡೆಯಲಾಗಲಿಲ್ಲ.

ಕೆಲವು ವರ್ಷಗಳಾದ ಮೇಲೆ ಕಾಕಾ ಜ್ವರ ಬಂದು ತೀರಿಕೊಂಡ. ಹುಬ್ಬಳ್ಳಿಯ ಸೈಕಲ್ ತರಲು ಕಾಕು ನನ್ನ ಜೊತೆ ತಾನೇ ಬಸ್ಸು ಹತ್ತಿದಳು. ಸೈಕಲ್ ಕೈಗೆ ಬಂದ ಮೇಲೆ ಊರ ಕಡೆ ಹೊರಡಲಿಲ್ಲ.

"ಅಂವ ದಿನಾ ಎಲ್ಲಿ ಕುಂತ ಉಣ್ತಿದ್ದ? ಅಲ್ಲಿಗೆ ಹೋಗೂಣು."

ನಾನು ಹ್ಯಾಂಡಲ್ ಹಿಡಿದೆ. ಅವಳು ಗಾದಿಯ ಮೇಲೆ ಕೈಯಿಟ್ಟು ಬಡಾವಣೆಯವರೆಗೂ ನಡೆದಳು. ನೀರಿನ ಟಾಕಿಯ ನೆರಳಲ್ಲಿ ಕುಳಿತು, ತಂದಿದ್ದ ರೊಟ್ಟಿ ಮುರಿದಳು… ಮೊದಲ ತುಂಡನ್ನು ಗಾದಿಯ ಮೇಲಿಟ್ಟಳು.

ಈಗ ಕಾಕುವೂ ಇಲ್ಲ. ಆ ಬಡಾವಣೆಗೆ ಸಿಟಿ ಬಸ್ಸು ಬಂದು ಎಷ್ಟೋ ಕಾಲವಾಯಿತು. ನಾನೂ ಅದರಲ್ಲೇ ಓಡಾಡುತ್ತೇನೆ. ಟಾಕಿಯ ಹತ್ತಿರ ಬಸ್ಸು ನಿಂತಾಗಲೆಲ್ಲ ಅದರ ನೆರಳಿನ ಕಡೆ ನೋಡುತ್ತೇನೆ. ಈ ಬಸ್ಸು ಆಗಲೇ ಬಂದಿದ್ದರೆ, ಕಾಕು ಒಂದು ದಿನವಾದರೂ ಅವನ ಜೊತೆ ಅಲ್ಲಿ ಕುಳಿತು ಉಣ್ಣುತ್ತಿದ್ದಳು.