ಬೆಲ್ಜಿಯಂ ಬಿಯರಿಗೆ ಅವ್ವನ ಜೀರಿಗೆ

ಬೆಲ್ಜಿಯಂ ಸಾಹೇಬರ ಲೋಟಕ್ಕೆ ನಮ್ಮವ್ವ ಉಪ್ಪು, ಜೀರಿಗೆಪುಡಿ ಹಾಕಿದ್ದೇ ತಡ, ಗುಲಾಬಿ ನೊರೆ ಉಕ್ಕಿ ಮೇಜೆಲ್ಲ ಹರಿಯಿತು. ಅದು ಎಪ್ಪತ್ತರ ದಶಕ. ನಾನು ಕೆಲಸಕ್ಕಿದ್ದ ಬಟ್ಟೆ ಮಿಲ್ಲಿಗೆ ಮಗ್ಗ ಜೋಡಿಸಲು ಬಂದಿದ್ದ ಅವರು ಮುಂಬಯಿ ಅಂಧೇರಿಯ ನಮ್ಮ ಒಂದೇ ಕೋಣೆಯ ಖೋಲಿಗೆ ಊಟಕ್ಕೆ ಬರುವಾಗ ತಮ್ಮ ದೇಶದ ಎರಡು ಬಗೆಯ ಬಿಯರ್ ತಂದಿದ್ದರು. ಬೆಲ್ಲದ ಪಾಕದಂಥ ಕಪ್ಪು ಬಿಯರ್ ನನಗೆ ಬಲು ಹಿಡಿಸಿತು. ಚೆರಿ ಹಣ್ಣಿನ ಕೆಂಪು ಬಿಯರ್ ಮಾತ್ರ ಕಡುಹುಳಿ. ನಾನು ಮುಖ ಕಿವುಚಿದ್ದನ್ನು ಅವ್ವ ನೋಡಿಬಿಟ್ಟಳು. ಅವಳಿಗೆ ಹೆದರಿ ಎರಡನ್ನೂ ಶರಬತ್ತು ಎಂದಿದ್ದೆ.

“ಇಷ್ಟ್ ಹುಳಿ ಶರಬತ್ತಿಗೆ ಉಪ್ಪು, ಜೀರಗಿ ಹಾಕ್ಲಿಲ್ಲಂದ್ರ ಗಂಟಲದಾಗ ಹೆಂಗ ಇಳೀತದೋ?” ಎಂದವಳೇ ಮೊದಲು ಅತಿಥಿಯ ಲೋಟಕ್ಕೇ ಹಾಕಿದ್ದಳು.

ಸಾಹೇಬರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಲೋಟ ಬರಿದು ಮಾಡಿ, ಮತ್ತೆ ಅವ್ವನ ಮುಂದೆ ಹಿಡಿದರು.

ಮರುವರ್ಷ ಬಂದಾಗ ಆರು ಬಾಟಲಿ ತಂದರು. ಆರೂ ಕೆಂಪು.