ಅವ್ವನ ಗೂಡು ಇದ್ದ ಗೋಡೆ

ಜೇವರ್ಗಿಯಲ್ಲಿ ನಾನು ಕೆಲಸ ಮಾಡುವ ಅಂಗಡಿಯಲ್ಲಿ ಕಲ್ಲಿನಂತೆ ಕಾಣುವ ಟೈಲ್ಸ್ ಇವೆ, ಕಟ್ಟಿಗೆಯಂತೆ ಕಾಣುವ ಟೈಲ್ಸ್ ಇವೆ, ಹಳೆಯ ಇಟ್ಟಂಗಿ ಗೋಡೆಯಂತೆ ಕಾಣುವ ಪ್ಲಾಸ್ಟಿಕ್ ಹಾಳೆಗಳೂ ಇವೆ. ಮನೆಯ ಫರ್ಸಿ ಕಲ್ಲು ಕಿತ್ತು ಬೀದಿಗೆ ಒಗೆದು ಬಂದವರಿಗೆ ನಾನು ಫರ್ಸಿಯಂತೆ ಕಾಣುವ ಟೈಲ್ಸ್ ಮಾರುತ್ತೇನೆ. ಅವರೂ ಖುಷಿಯಾಗಿ ಹೋಗುತ್ತಾರೆ. ಅಂಗಡಿಯಲ್ಲಿರುವುದೆಲ್ಲ ಇನ್ನೊಂದರ ವೇಷ ಹಾಕಿಕೊಂಡು ನಿಂತದ್ದು. ಹೀಗಾಗಿ ನನಗೆ ಅಲ್ಲಿ ಹೊರಗಿನವನೆಂದು ಅನಿಸಿದ್ದೇ ಇಲ್ಲ. ನಾನೂ ಅದೇ ಮಾಲು.

ದನಿ ತೆಗೆಯುವುದು ನನಗೆ ಚಿಕ್ಕಂದಿನ ಚಟ. ಮಾಲೀಕರು ಉದ್ರಿ ಕೇಳಿದವರಿಗೆ ನಗುವ ನಗೆ, ಇಜೇರಿಯ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲವೆನ್ನುವ ರೀತಿ, ನನ್ನದೇ ಮೂಗಿನೊಳಗಿನ ಮಾತು, ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ಆದರೆ ನನ್ನ ಖಾಸಾ ಐಟಂ ಅಪ್ಪ. ಅಪ್ಪ ಕೊಳಕೂರ ಕಡೆ ಮಾಸ್ತರ. ಮಾತಿಗೆ ಮುಂಚೆ ಎರಡು ಸಲ ಕೆಮ್ಮಿ, "ಅಂದ್ರ, ಏನಂದ್ರ..." ಎಂದು ಶುರು ಮಾಡುತ್ತಾರೆ. ಆ ಎರಡು ಕೆಮ್ಮು ಸಿಕ್ಕರೆ ಸಾಕು, ಉಳಿದ ಅಪ್ಪ ತಾವಾಗಿ ಬರುತ್ತಾರೆ.

ಇಜೇರಿಯ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಮಳೆಗಾಲದಲ್ಲಿ ನಮಗಿಂತ ಬಕೆಟ್ಟುಗಳೇ ಹೆಚ್ಚು ಜಾಗ ಹಿಡಿಯುತ್ತಿದ್ದವು. ಕಡೆಗೆ ಒಂದು ವರ್ಷ ಬೇಸಿಗೆಯ ಶುರುವಿನಲ್ಲಿ ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕುವುದೆಂದು ತೀರ್ಮಾನವಾಯಿತು. ಎದುರಿಗೇ ಎರಡು ಕೋಣೆ ಬಾಡಿಗೆ ಹಿಡಿದು ಸಾಮಾನು ಸಾಗಿಸಿದೆವು. ಮನೆ ಹೇಗಿರಬೇಕೆಂದು ನಿರ್ಧರಿಸುವ ಅಧಿಕಾರವನ್ನು ನಾನು ಯಾರೂ ಕೊಡದಿದ್ದರೂ ತೆಗೆದುಕೊಂಡೆ. ಅಂಗಡಿಯ ಬಿಲ್ ಬುಕ್ಕಿನ ಹಿಂದೆ ನಕ್ಷೆ ಬರೆದೆ. ಹಳೆಯ ಕಂಬ ಎರಡು ಉಳಿಸಿ ಎಣ್ಣೆ ಹಚ್ಚುವುದು, ಒಂದು ಗೋಡೆಗೆ ಕಾವಿ ಬಣ್ಣ, ಫರ್ಸಿಯನ್ನು ಅಂಗಳಕ್ಕೆ.

"ಹಾಲ್ ಅಂದ್ರ ಹಾಲ್ ಆಗಬೇಕು," ಎಂದರು ಅಪ್ಪ, ಎರಡು ಸಲ ಕೆಮ್ಮಿ. "ಕಂಬ ಇಟ್ರ ಬಂದವರು ಊರ ಚಾವಡಿ ಅಂತ ತಿಳ್ಕೊಂಡು ಕುಂದುರ್ತಾರ, ಏಳೂದಿಲ್ಲ."

ಅವ್ವ ಮಾತ್ರ ಬಣ್ಣ ಕೇಳಲಿಲ್ಲ, ಟೈಲ್ಸ್ ಕೇಳಲಿಲ್ಲ. "ನೀವು ಅಪ್ಪ-ಮಗ ಏನರೆ ಮಾಡ್ಕೋರಿ. ಪಡಸಾಲಿ ಗ್ವಾಡಿ ಒಂದು ಬಿಡ್ರಿ," ಎಂದಳು. ಅಷ್ಟೇ.

ಪಡಸಾಲೆಯ ಆ ಗೋಡೆಯಲ್ಲಿ ಐದು ಗೂಡುಗಳಿದ್ದವು. ನಮ್ಮ ಮನೆಯಲ್ಲೊಂದು ರೂಢಿ. ಸೊಸೆ ಮನೆ ತುಂಬಿದ ದಿನ ಅತ್ತೆ ಅವಳ ಕೈ ಹಿಡಿದು ಗೋಡೆಯ ಮುಂದೆ ನಿಲ್ಲಿಸಿ, "ಇದು ನಿಂದು" ಎಂದು ಒಂದು ಗೂಡು ತೋರಿಸಬೇಕು. ಅಲ್ಲಿಂದ ಮುಂದೆ ಆ ಗೂಡಿನೊಳಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ, ಗಂಡನೂ ಹಾಕುವಂತಿಲ್ಲ. ಕೀಲಿಯಿಲ್ಲ, ಬಾಗಿಲಿಲ್ಲ, ಆದರೂ ಮನೆಯಲ್ಲಿ ಅದರಷ್ಟು ಭದ್ರವಾದ ಜಾಗ ಬೇರೆ ಇರಲಿಲ್ಲ. ಅಫಜಲಪುರ ಕಡೆಯ ತವರಿನಿಂದ ಬಂದ ಅವ್ವನಿಗೆ ಅವಳ ಅತ್ತೆ, ನನ್ನ ಆಯಿ, ತೋರಿಸಿದ್ದು ಎಡಗಡೆಯಿಂದ ಎರಡನೆಯದು. ತಲೆ ಬಾಚುವ ಹಣಿಗೆ, ಮೂಲೆ ಮುರಿದ ಕನ್ನಡಿ, ಕುಂಕುಮದ ಭರಣಿ, ಪಿನ್ನುಗಳ ಗೊಂಚಲು, ತಲೆನೋವಿನ ಗುಳಿಗೆ. ಅದರ ಹಿಂದೆ, ತೋಳು ಪೂರ್ತಿ ಒಳಗೆ ಹೋದರೆ ಮಾತ್ರ ಸಿಗುವಲ್ಲಿ, ಒಂದು ಬಟ್ಟೆಯ ಗಂಟು. ಅದರೊಳಗೆ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನ ಅಂಗಿಯ ಜೇಬಿಗೆ ಧಾರಾಳವಾಗಿ ಕೈ ಹಾಕಿದವನು ನಾನು. ಆ ಗೂಡಿನ ತಂಟೆಗೆ ಹೋದವನಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ಈ ಮನೆಯಲ್ಲಿ ಅವಳ ಹೆಸರಿಗೆ ಅಂತ ಇದ್ದದ್ದು ಅದೊಂದೇ ಗೋಡೆಯ ತೂತು.

ಕೆಲಸ ಹಿಡಿದವರು ಜೇವರ್ಗಿಯ ಗೌಂಡಿ. ಎಲ್ಲರಿಗೂ ಅವರು ಉಸ್ತಾದರು, ನನಗೆ ಚಾಚಾ. ತೂಗುಗುಂಡು ಬಿಟ್ಟು ಒಂದು ಕಣ್ಣು ಮುಚ್ಚಿದರೆಂದರೆ ಗೋಡೆಯೇ ಹೆದರಿ ನೆಟ್ಟಗಾಗಬೇಕು, ಅಂಥ ಮನುಷ್ಯ. ಅವರನ್ನು ಕಾಡದೆ ನನಗೆ ಇರಲಾಗಲಿಲ್ಲ. ಮೊದಲ ವಾರ ಬಾಗಿಲ ಮರೆಯಲ್ಲಿ ನಿಂತು ಎರಡು ಸಲ ಕೆಮ್ಮಿ, "ಅಂದ್ರ, ಏನಂದ್ರ, ಉಸ್ತಾದ್ರ, ಈ ಮೂಲಿ ಸೊಟ್ಟ ಆಗೇದಲ್ರೀ" ಎಂದೆ. ಚಾಚಾ ಬೀಡಿ ಬಿಸಾಕಿ, "ಹೌದೇನ್ರಿ ಮಾಸ್ತರ್ ಸಾಬ್?" ಎಂದು ಎದ್ದು ನಿಂತರು. ಕೆಲಸದವರೆಲ್ಲ ನಕ್ಕರು, ಚಾಚಾ ಎಲ್ಲರಿಗಿಂತ ಜೋರಾಗಿ ನಕ್ಕರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಮುಂದಿನ ರವಿವಾರ ಅಪ್ಪ ಸ್ನಾನಕ್ಕೆ ಹೋದಾಗ ಅವರದೇ ಫೋನಿನಿಂದ ಚಾಚಾಗೆ ಹಚ್ಚಿ, "ನಾಳಿ ಕೆಲಸ ಬ್ಯಾಡ್ರಿ, ಮನ್ಯಾಗ ಬೀಗರು ಬರಾಕತ್ತಾರ" ಎಂದೆ. ಸೋಮವಾರ ಒಬ್ಬರೂ ಬರಲಿಲ್ಲ. ಮಂಗಳವಾರ ಬಂದ ಚಾಚಾ ಅಪ್ಪನನ್ನು, "ಬೀಗರು ಆರಾಮ ಅದಾರ್ರಿ?" ಎಂದು ಕೇಳಿದಾಗ ಸಂಗತಿ ಹೊರಬಿತ್ತು. ಅಪ್ಪ ನನ್ನನ್ನು ಬೈದರು. ನಾನು ಆ ಬೈಗುಳವನ್ನೂ ಅವರದೇ ದನಿಯಲ್ಲಿ ಜೊತೆಜೊತೆಗೆ ಹೇಳಿದೆ. ಚಾಚಾ ಕಿವಿ ಹಿಡಿದುಕೊಂಡು, "ಖುದಾ ಕಸಂ, ಇನ್ನ ನಿಮ್ಮ ಫೋನು ನಂಬೂದಿಲ್ಲ. ಎದುರಿಗೆ ನಿಂತು ಹೇಳಿದ್ದೇ ಮಾತು," ಎಂದರು. ನನಗೆ ಪ್ರಶಸ್ತಿ ಬಂದಷ್ಟು ಹೆಮ್ಮೆಯಾಯಿತು.

ಮಾಳಿಗೆ ಇಳಿದ ಮೇಲೆ ಒಂದು ಸಂಜೆ ಚಾಚಾ ಅಪ್ಪನನ್ನು ಪಡಸಾಲೆಗೆ ಕರೆದರು. "ಈ ಗ್ವಾಡಿ ಹೊಟ್ಟಿ ಬಿಟ್ಟದ ನೋಡ್ರಿ. ಇಲ್ಲೊಂದು ಪಿಲ್ಲರ್ ಎಬ್ಬಿಸಿ ಒಂಬತ್ತ ಇಂಚಿನ ಗ್ವಾಡಿ ಕಟ್ಟಿದ್ರ ಹಾಲ್ ಮೂರು ಫೂಟು ದೊಡ್ಡದಾಗ್ತದ." ಮೂರು ಫೂಟು ಅಂದ ಕೂಡಲೆ ಅಪ್ಪನ ಮುಖ ಅರಳಿತು. "ತೆಗಿಯೂದ ಚಲೋ ಅನಸ್ತದ. ಮನ್ಯಾಗ ಒಂದ್ ಮಾತು ಕೇಳ್ತೇನಿ. ಬ್ಯಾಡ ಅಂದ್ರ ಹೇಳ್ತೇನಿ, ಇಲ್ಲಂದ್ರ ತೆಗದ ಬಿಡ್ರಿ," ಎಂದರು.

ಊಟಕ್ಕೆ ಕೂತಾಗ ಅಪ್ಪ ವಿಷಯ ತೆಗೆದರು. ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ಕೇಳಿದ್ದು ಒಂದೇ," ಎಂದಳು. ಅಪ್ಪ ತಕ್ಷಣ ಫೋನ್ ಹಚ್ಚಿದರು. "ಅಂದ್ರ, ಏನಂದ್ರ, ಉಸ್ತಾದ್ರ, ಆ ಗ್ವಾಡಿ ಮುಟ್ಟಬ್ಯಾಡ್ರಿ."

ಆ ಕಡೆಯಿಂದ ಚಾಚಾನ ನಗೆ ನನಗೂ ಕೇಳಿಸಿತು. "ಆತ್ರಿ, ಆತ್ರಿ ಮಾಸ್ತರ್ ಸಾಬ್! ಮುಟ್ಟೂದಿಲ್ರಿ!" ಫೋನು ಇಟ್ಟರು.

"ಅಂವ ಯಾಕ ನಕ್ಕಾ?" ಎಂದರು ಅಪ್ಪ.

ನನಗೆ ಒಂದು ಗಳಿಗೆ ಅನುಮಾನ ಬಂತು. ಬಂದದ್ದನ್ನು ರೊಟ್ಟಿಯ ಜೊತೆಗೆ ನುಂಗಿದೆ. ಹೇಳಿದರೆ ಮತ್ತೆ ಬೀಗರ ಕಥೆ ತೆಗೆಯುತ್ತಾರೆ, ಮತ್ತೆ ಬೈಸಿಕೊಳ್ಳಬೇಕು, ಯಾರಿಗೆ ಬೇಕು.

ಮರುದಿನ ಅಂಗಡಿಯಲ್ಲಿ ಒಬ್ಬ ಗಿರಾಕಿಗೆ ಬಚ್ಚಲಿನ ಟೈಲ್ಸ್ ತೋರಿಸುತ್ತಿದ್ದಾಗ ಚಾಚಾನ ಫೋನ್ ಬಂತು. ಹಿಂದೆ ಹಾರೆಯ ಸದ್ದು, ಕಲ್ಲು ಉರುಳುವ ಸದ್ದು.

"ಬೇಟಾ, ರಾತ್ರಿ ಭಾಳ ಛಂದ ಮಾತಾಡಿದಿ! ಎರಡು ಕೆಮ್ಮು ಸೈತ ಬರೋಬರಿ. ಆದ್ರ ಈ ಸಲ ನಿಮ್ಮ ಚಾಚಾ ಮೋಸ ಹೋಗಲಿಲ್ಲ ನೋಡು. ಗ್ವಾಡಿ ಅರ್ಧ ಇಳಸೇನಿ!"

"ಚಾಚಾ, ಅದು ಖರೇನೆ ಅಪ್ಪ! ನಿಲ್ಲಸ್ರಿ!"

"ಹಾಂ ಹಾಂ. ಈಗ ನೀ ಯಾರು? ನಿಮ್ಮ ಕಾಕಾ ಏನು?"

"ನಾನೇ ಚಾಚಾ, ನನ್ನ ದನೀನ ಇದು!"

"ಇದು ನಾ ಕೇಳಿಲ್ಲಪಾ. ನಿನ್ನ ಖರೇ ದನಿ ಯಾವುದದ, ಅದರಾಗ ಹೇಳು," ಎಂದು ನಕ್ಕು ಇಟ್ಟರು.

ಹೆದರಿಕೆಗೆ ನನ್ನ ದನಿ ಕೀರಲಾಗಿತ್ತು, ನನಗೇ ಗುರುತು ಸಿಗದಂಥದ್ದು. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಅಪ್ಪ ಪಾಠದ ಹೊತ್ತಿನಲ್ಲಿ ಫೋನು ಬಂದ್ ಮಾಡಿರುತ್ತಾರೆ. ಅವ್ವನಿಗೆ ಹಚ್ಚಿದೆ, ಫೋನು ಬಾಡಿಗೆ ಕೋಣೆಯಲ್ಲಿ ಹೊಡೆದುಕೊಂಡಿತು, ಅವಳು ಹತ್ತರ ಚಹಾ ಹಿಡಿದುಕೊಂಡು ಹೊರಟಾಗಿತ್ತು ಅಂತ ಕಾಣುತ್ತದೆ. ಗಿರಾಕಿ, "ಇದರಾಗ ಹಸಿರು ಅದ ಏನ್ರಿ?" ಎಂದು ಕೇಳುತ್ತಿದ್ದ. ನಾನು ಬೈಕಿನ ಕೀಲಿ ತೆಗೆದುಕೊಂಡು ಓಡಿದೆ. ದಾರಿಯುದ್ದಕ್ಕೂ ಯಾವ ದನಿಯಲ್ಲಿ ಕೂಗಿದ್ದರೆ ಚಾಚಾ ನಂಬುತ್ತಿದ್ದರೆಂದು ಯೋಚಿಸುತ್ತ ಹೋದೆ. ಒಂದೂ ಹೊಳೆಯಲಿಲ್ಲ.

ನಾನು ಮನೆ ಮುಟ್ಟಿದಾಗ ಗೋಡೆ ಮೊಣಕಾಲಿನಷ್ಟು ಉಳಿದಿತ್ತು. ಅವ್ವ ಕಲ್ಲಿನ ಗುಂಪಿಯ ಪಕ್ಕ ನಿಂತಿದ್ದಳು, ಒಂದು ಕೈಯಲ್ಲಿ ಚಹಾದ ಕಿಟ್ಲಿ, ಒಂದು ಕೈಯಲ್ಲಿ ಲೋಟಗಳು. ಚಾಚಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು. ಅವಳ ಮುಖ ನೋಡಿಯೇ ಅವರಿಗೆ ತಿಳಿದಿತ್ತು.

"ಮಾಫ್ ಮಾಡ್ರಿ ಅಕ್ಕಾರ. ಈ ಹುಡುಗ ಅಂತ ತಿಳ್ಕೊಂಡೆ."

"ನೀವೇನ್ ಮಾಡ್ತೀರಿ ಉಸ್ತಾದ್ರ," ಎಂದಳು ಅವ್ವ. "ಚಾ ಆರ್ತದ, ಕುಡೀರಿ."

ನನ್ನ ಕಡೆ ಅವಳು ನೋಡಲೇ ಇಲ್ಲ. ಸಂಜೆ ಬಂದ ಅಪ್ಪ ಎರಡು ಸಲ ಕೆಮ್ಮಿ ಕೈಕಾಲು ತೊಳೆಯಲು ಹೋದರು. ಬೈದಿದ್ದರೆ ಚಲೋ ಇತ್ತು. ನಮ್ಮ ಮನೆಯಲ್ಲಿ ಹಾಗೆ ದಿನಗಟ್ಟಲೆ ಯಾರೂ ಯಾರನ್ನೂ ಬೈಯದೆ ಇದ್ದದ್ದು ಅದೇ ಮೊದಲು.

ಹೊಸ ಗೋಡೆ ಏಳುವಾಗ ಚಾಚಾ ತಾವಾಗಿ ಅಂದರು, "ಅಕ್ಕಾರ, ಅದೇ ಜಾಗದಾಗ ಗೂಡು ಮಾಡಿ ಕೊಡ್ತೇನಿ. ಎಷ್ಟು ಎತ್ತರ ಇತ್ತು?"

ಅವ್ವ ಗೋಡೆಯ ಮುಂದೆ ನಿಂತಳು. ಯೋಚಿಸಲಿಲ್ಲ, ಅಳೆಯಲಿಲ್ಲ. ಬಲಗೈ ಎತ್ತಿ ಗಾಳಿಯಲ್ಲಿ ಒಂದು ಕಡೆ ನಿಲ್ಲಿಸಿದಳು. ಬೆರಳುಗಳು ಹಣಿಗೆ ಹಿಡಿಯುವ ಹಾಗೆ ಅರ್ಧ ಮಡಚಿದ್ದವು. ಚಾಚಾ ಅಲ್ಲಿ ಇದ್ದಿಲಿನಿಂದ ಗೀಟು ಎಳೆದರು.

ಆ ಗೂಡಿಗೆ ನಾನು ನನ್ನ ವಿದ್ಯೆಯನ್ನೆಲ್ಲ ಸುರಿದೆ. ಕಮಾನು ಹೊಡೆಸಿದೆ. ಒಳಗೆ ಸಾಗವಾನಿಯಂತೆ ಕಾಣುವ ಟೈಲ್ಸ್ ಹಾಕಿಸಿದೆ, ಅಂಗಡಿಯ ಅತ್ಯುತ್ತಮ ಮಾಲು. ಮೇಲೊಂದು ಸಣ್ಣ ಹಳದಿ ದೀಪ. ಪಕ್ಕಕ್ಕೆ ಕಾವಿ ಬಣ್ಣ. ಆದರೆ ಒಂಬತ್ತು ಇಂಚಿನ ಗೋಡೆಯಲ್ಲಿ ಆಳ ಎಷ್ಟು ಬರಬೇಕು? ತೋಳು ಹೋಗುತ್ತಿದ್ದಲ್ಲಿ ಈಗ ಅಂಗೈ ಹೋಗುತ್ತಿತ್ತು. ಆಮೇಲೆ, ಮಳೆನೀರು ಒಳಗೆ ಬರಬಾರದೆಂದು ಹಾಲಿಗೆ ಗರಸು ಭರ್ತಿ ಮಾಡಿ ನೆಲ ಎತ್ತರಿಸಿದರು. ಟೈಲ್ಸ್ ಮುಗಿದ ದಿನ ಅವ್ವ ಗೂಡಿನ ಮುಂದೆ ನಿಂತು ಕೈ ಎತ್ತಿದಳು. ಕೈ ಕಮಾನಿಗೆ ಬಡಿಯಿತು. ಗೂಡು ಒಂದು ಗೇಣು ಕೆಳಗೆ ಉಳಿದಿತ್ತು. ಈ ಲೆಕ್ಕ ಚಾಚಾಗೂ ಹೊಳೆದಿರಲಿಲ್ಲ, ದಿನಾ ಟೈಲ್ಸ್ ಮಾರುವ ನನಗೂ ಹೊಳೆದಿರಲಿಲ್ಲ.

"ಒಡೆದು ಮ್ಯಾಲೆ ಮಾಡಸ್ತೇನಿ ಯವ್ವಾ," ಎಂದೆ.

"ಸಾಕು, ಇನ್ನ ಒಡೀಬ್ಯಾಡ್ರಿ," ಎಂದಳು.

ಈಗ ಬಂದವರೆಲ್ಲ ಆ ಗೂಡು ನೋಡಿ ಹೊಗಳುತ್ತಾರೆ. ಇಬ್ಬರು ಫೋಟೋ ತೆಗೆದುಕೊಂಡು ಹೋಗಿ ತಮ್ಮ ಮನೆಯಲ್ಲೂ ಮಾಡಿಸಿದ್ದಾರೆ. ಟೈಲ್ಸ್ ನಮ್ಮಲ್ಲೇ ಒಯ್ದರು. ಅವ್ವನ ಹಣಿಗೆ, ಭರಣಿ, ಪಿನ್ನು ಎಲ್ಲ ಒಂದು ಸ್ಟೀಲಿನ ಡಬ್ಬಿಯಲ್ಲಿ ಅಡುಗೆಮನೆಯ ಕಿಟಕಿಯ ಮೇಲಿವೆ. ಆ ಬಟ್ಟೆಯ ಗಂಟು ಈಗ ಎಲ್ಲಿದೆಯೋ ಅವಳಿಗಷ್ಟೇ ಗೊತ್ತು. ಮುಂಜಾನೆ ಅವಳು ಅಲ್ಲಿಯೇ, ಒಲೆಯ ಪಕ್ಕ ನಿಂತು ತಲೆ ಬಾಚಿಕೊಳ್ಳುತ್ತಾಳೆ.

"ಗೂಡಿನಾಗ ಇಡಬಾರದೇನ್ ಯವ್ವಾ? ನಿಂದೇ ಅಲ್ಲೇನು ಅದು?" ಎಂದು ಒಮ್ಮೆ ಕೇಳಿದೆ.

"ಅದು ಹಾಲಿಂದು," ಎಂದಳು. ಸಿಟ್ಟಿನಿಂದಲ್ಲ, ಬಸ್ಸು ಎಷ್ಟಕ್ಕೆ ಬರುತ್ತದೆಂದು ಹೇಳುವ ಹಾಗೆ.

ಸಂಜೆ ಅಂಗಡಿಯಿಂದ ಬಂದು ನಾನು ಮೊದಲು ಮಾಡುವ ಕೆಲಸ ಆ ಗೂಡು ಖಾಲಿ ಮಾಡುವುದು. ಟಿವಿಯ ರಿಮೋಟು, ಅಪ್ಪನ ಕನ್ನಡಕದ ಡಬ್ಬಿ, ಯಾವುದೋ ಮದುವೆಯ ಲಗ್ನಪತ್ರಿಕೆ. ಎಲ್ಲ ತೆಗೆದು ಒರೆಸಿ ಇಡುತ್ತೇನೆ. ಮುಂಜಾನೆ ಎದ್ದರೆ ಅದರೊಳಗೆ ಮತ್ತೆ ಒಂದು ಚಾರ್ಜರು ಇರುತ್ತದೆ. ಹೆಚ್ಚಿನ ಸಲ ಅದು ನನ್ನದೇ.