ಹಗೇವಿನ ಬಯಲಿನ ನೀರು

ನೀರು ನಾರುತ್ತಿದೆ ಎಂದು ಮೊದಲು ಹೇಳಿದವಳು ನನ್ನ ಚಿಕ್ಕಮ್ಮನ ಮಗಳು. ತುಂಬಿದ ಬಸುರಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಬಸುರಿಯರಿಗೆ ಒಗ್ಗರಣೆಯ ಘಮವೂ ಸೇರುವುದಿಲ್ಲ ಎಂದುಕೊಂಡು ಯಾರೂ ಅವಳ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

"ಹೊಸಾ ಪಂಪು ಕಣೇ, ಕಬ್ಬಿಣದ ವಾಸ್ನೆ. ಇನ್ನೊಂದೀಟು ದಿನ ಹೊಡುದ್ರೆ ತಾನೇ ಹೋಯ್ತದೆ," ಎಂದು ಚಿಕ್ಕಮ್ಮ ಗದರಿದ್ದಳಂತೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಅಜ್ಜಂಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಶಿವನಿ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಬೀರೂರಿನಲ್ಲಿ ಬದಲಿಸಿ, ಶಿವಮೊಗ್ಗದಲ್ಲಿ ವಾರಾನ್ನ ಉಂಡು ಬಿ.ಎಸ್ಸಿ. ಮುಗಿಸಿದವನು. ನಮ್ಮ ಮನೆತನದಲ್ಲಿ ಸಹಿ ಹಾಕಲು ಕಲಿತವನೇ ನಾನೊಬ್ಬ, ಪದವಿಯ ಮಾತು ಹಾಗಿರಲಿ. ಈ ಹೆಮ್ಮೆಯನ್ನು ನಾನು ಎಂದೂ ಮುಚ್ಚಿಟ್ಟವನಲ್ಲ, ಈಗಲೂ ಮುಚ್ಚಿಡುವುದಿಲ್ಲ. ಆದರೆ ಆ ಭಾನುವಾರ ಚಿಕ್ಕಮ್ಮನ ಹೊಸ ಮನೆಯಲ್ಲಿ ಕೂತು ಅವಳು ಕೊಟ್ಟ ಚೆಂಬನ್ನು ಬಾಯಿಯ ಹತ್ತಿರ ತಂದಾಗ ಕೆಲಸಕ್ಕೆ ಬಂದದ್ದು ಪದವಿಯಲ್ಲ, ಮೂಗು.

ಅದು ಕಬ್ಬಿಣದ ವಾಸನೆಯಾಗಿರಲಿಲ್ಲ. ಮುಗ್ಗಿದ ಗೋಣಿಯ ಹಾಗೆ, ನಾಲಿಗೆಯ ಬುಡಕ್ಕೆ ಅಂಟಿಕೊಳ್ಳುವಂಥ ವಾಸನೆ. ಚಿಕ್ಕವರಿದ್ದಾಗ ಊರಿನ ಸೊಸೈಟಿ ಗೋದಾಮಿನ ಮುಂದೆ ಮೂಗು ಮುಚ್ಚಿಕೊಂಡು ಓಡುತ್ತಿದ್ದೆವಲ್ಲ, ಅದೇ. ಬೆಳೆಯ ಹುಳಕ್ಕೆ ಎರಚುವ ಬಿ.ಎಚ್.ಸಿ. ಎಂಬ ಬೂದು ಬಣ್ಣದ ವಿಷದ ಪುಡಿ. ಊರವರ ಬಾಯಲ್ಲಿ ಅದಕ್ಕೆ ಬರೀ 'ಪುಡಿ' ಎಂದೇ ಹೆಸರು.

ಚೆಂಬನ್ನು ಕೆಳಗಿಟ್ಟೆ. "ಚಿಕ್ಕಮ್ಮ, ಈ ನೀರು ಕುಡೀಬೇಡ. ಅವಳಿಗೂ ಕೊಡಬೇಡ."

"ಯಾಕೋ? ಬಿ.ಎಸ್ಸಿ. ಓದಿದೋರಿಗೆ ಬಡವ್ರ ಮನೆ ನೀರು ಇಳಿಯಲ್ವಾ?" ಎಂದು ನಕ್ಕಳು.

ನಾನು ನಗಲಿಲ್ಲ. ನೆಟ್ಟಗೆ ನಮ್ಮ ಮನೆಗೆ ಬಂದೆ. ಅಪ್ಪ ಜಗಲಿಯ ಮೇಲೆ ಕೂತು ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದರು.

"ಅಪ್ಪ, ಗೋದಾಮಿನಲ್ಲಿತ್ತಲ್ಲ ಪುಡಿ, ಅದೇನಾಯ್ತು?"

"ಗೋದಾಮು ಸೋರಿ ಚೀಲ ಎಲ್ಲಾ ಗಟ್ಟಿಯಾಗಿ ಹೋಗಿದ್ವು ಕಣೋ. ಯಾರೂ ಕೊಳ್ಳಲಿಲ್ಲ. ವಿಲೇವಾರಿ ಮಾಡಿ ಅಂತ ಮೇಲಿಂದ ಕಾಗ್ದ ಬಂತು. ಹಗೇವಿಗೆ ಹಾಕುದ್ವಿ."

"ಹಾಕಿದ್ವಿ ಅಂದ್ರೆ? ನೀವೂ ಇದ್ರಾ?"

"ಇಳ್ದು ಜೋಡ್ಸಿದ್ದೇ ನಾನು. ನೀನಾಗ ಶಿವಮೊಗ್ಗದಾಗಿದ್ದೆ." ಅಪ್ಪ ಹಗ್ಗದಿಂದ ಕಣ್ಣೆತ್ತಲಿಲ್ಲ. ನಿನ್ನೆ ರಾಗಿ ಬೀಸಿಸಿಕೊಂಡು ಬಂದೆ ಎನ್ನುವ ಹಾಗೆಯೇ ಅದನ್ನೂ ಹೇಳಿದರು.

ಹಗೇವು ಎಂದರೆ ಈಗಿನವರಿಗೆ ಗೊತ್ತಿರಲಾರದು. ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಚಿಕ್ಕದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಮಡಕೆಯ ಹೊಟ್ಟೆಯಂತೆ ಅಗಲ. ಊರಿನ ಹೊರಗಿನ ಗಟ್ಟಿ ದಿಣ್ಣೆಯ ಮೇಲೆ ಎಲ್ಲರ ಹಗೇವುಗಳೂ ಒಟ್ಟಿಗಿದ್ದವು. ಸುತ್ತ ಹುಲ್ಲು ಒತ್ತಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ತೆಗೆಯುವ ದಿನ ಮೊದಲು ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ. ಎಷ್ಟೋ ವರ್ಷ ಒಂದು ಹನಿ ನೀರು, ಒಂದು ಹುಳ ಒಳಗೆ ಹೋಗುತ್ತಿರಲಿಲ್ಲ. ನಾನು ದೊಡ್ಡವನಾಗುವ ಹೊತ್ತಿಗೆ ಆ ಪದ್ಧತಿ ನಿಂತು, ಗುಂಡಿಗಳು ಖಾಲಿ ಬಿದ್ದಿದ್ದವು. ಸರ್ಕಾರ ಜನತಾ ಮನೆಗಳನ್ನು ಕಟ್ಟಿಸಿ, ಕೈಪಂಪು ಹಾಕಿಸಿ, ಸ್ವಂತ ಮನೆಯಿಲ್ಲದವರಿಗೆ ಕೊಟ್ಟದ್ದು ಅದೇ ದಿಣ್ಣೆಯ ಮೇಲೆ. ಚಿಕ್ಕಮ್ಮನ ಮನೆ ಅಲ್ಲೇ ಇತ್ತು.

"ಅದು ವಿಷ ಅಪ್ಪ," ಎಂದೆ.

"ವಿಷ ಅಂತ್ಲೇ ಅಲ್ವೇನೋ ಅಲ್ಲಿಗೆ ಹಾಕಿದ್ದು! ಹಳ್ಳಕ್ಕೆ ಸುರುದ್ರೆ ದನ ಕುಡಿತವೆ. ಹೊಲದಾಗೆ ಹೂತ್ರೆ ನೇಗಿಲಿಗೆ ಬತ್ತದೆ. ನಿಮ್ಮ ತಾತ ಹಾಕಿದ್ ರಾಗೀನ ನಿನ್ನ ನಾಮಕರಣಕ್ಕೆ ತೆಗುದ್ವಿ, ಒಂದು ಕಾಳು ಕೆಟ್ಟಿರ್ಲಿಲ್ಲ. ಹಗೇವಿಗಿಂತ ಭದ್ರ ಇನ್ಯಾವ್ದೈತೆ?"

ಅವರ ಲೆಕ್ಕ ಎಲ್ಲಿ ತಪ್ಪಿತು ಎಂದು ಆಮೇಲೆ ಯೋಚಿಸಿದೆ. ರಾಗಿಯ ಹಗೇವನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ಹೋಗಿ ನೋಡುತ್ತಿದ್ದರು, ಬಿರುಕಿಗೆ ಮಣ್ಣು ಮೆತ್ತುತ್ತಿದ್ದರು. ಊಟದ ಕಾಳು ಅದು. ಪುಡಿಯ ಹಗೇವಿನ ಕಡೆ ಯಾರು ಹೋಗುತ್ತಾರೆ? ಮೆತ್ತಿದ ಮಣ್ಣು ಕೊಚ್ಚಿಹೋಯಿತು. ಆಮೇಲೆ ಮನೆ ಕಟ್ಟಲು ಬಂದವರು ನೆಲ ಸಮ ಮಾಡುವಾಗ ಚಪ್ಪಡಿಗಳನ್ನೂ ಕಿತ್ತು ಬೇರೆಡೆ ಬಳಸಿಕೊಂಡರು.

ಈ ಜಾಗವನ್ನು ಸೈಟಿಗೆ ಕೊಟ್ಟವರಿಗೆ ವಿಷಯ ಗೊತ್ತಿರಲಿಕ್ಕಿಲ್ಲ, ಹೋಗಿ ಹೇಳಿದರೆ ತಿದ್ದಿಕೊಳ್ಳುತ್ತಾರೆ ಎಂದು ನಂಬಿಕೊಂಡು ಮಾರನೆಯ ದಿನ ರಜೆ ಹಾಕಿ ತರೀಕೆರೆಗೆ ಹೋದೆ. ಒಂದು ಬಾಟಲಿಯಲ್ಲಿ ಪಂಪಿನ ನೀರು ಹಿಡಿದಿದ್ದೆ. ತಾಲ್ಲೂಕು ಕಚೇರಿಯನ್ನು ನಮ್ಮ ಕಡೆಯವರು ಆಗಲೂ ಅಮಲ್ದಾರ್ ಕಚೇರಿ ಎಂದೇ ಅನ್ನುತ್ತಿದ್ದರು. ಗುಮಾಸ್ತರು ಒಳ್ಳೆಯವರು. ಮೇಷ್ಟ್ರು ಎಂದು ಕುರ್ಚಿ ಕೊಟ್ಟರು. ದಿಣ್ಣೆಯ ಸರ್ವೆ ನಂಬರು ಹೇಳಿದೆ. ಪಹಣಿ ತೆಗೆದು ನನ್ನ ಮುಂದೆಯೇ ತಿರುಗಿಸಿಟ್ಟರು.

"ಓದಿಕೊಳ್ಳಿ ಸಾರ್. ಇದರಲ್ಲಿ ಗುಟ್ಟೇನಿದೆ? ಕೇಳಿದವರಿಗೆಲ್ಲ ತೋರಿಸ್ತೀವಿ. ಯಾರೂ ಕೇಳಲ್ಲ ಅಷ್ಟೆ."

ಸರ್ಕಾರಿ ಖರಾಬು ಎಂದಿತ್ತು, ಅಂದರೆ ಸಾಗುವಳಿಗೆ ಬಾರದ ಭೂಮಿ. ಕೊನೆಯ ಷರಾ ಕಾಲಂನಲ್ಲಿ ಹಳೆಯ ಶಾನುಭೋಗರ ದುಂಡನೆಯ ಅಕ್ಷರ: ಕ್ರಿಮಿನಾಶಕ ಪುಡಿ ಹೂಳಲಾಗಿದೆ, ಉಳುಮೆಗೆ ಕೊಡತಕ್ಕದ್ದಲ್ಲ.

ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಊರವರು ನಿಜ ಹೇಳಿದ್ದರು, ಶಾನುಭೋಗರು ನಿಜ ಬರೆದಿದ್ದರು.

"ಇಲ್ಲೇ ಇದೆಯಲ್ಲ ಸ್ವಾಮಿ!" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಕೊಡಬಾರದು ಅಂತ ನೀವೇ ಬರೆದಿದ್ದೀರಿ!"

"ಉಳುಮೆಗೆ ಕೊಡಬಾರದು ಅಂತ. ನಾವು ಉಳುಮೆಗೆ ಕೊಟ್ಟಿಲ್ವಲ್ರೀ, ಸೈಟಿಗೆ ಕೊಟ್ಟಿದ್ದೀವಿ."

ಅವರು ಹಾಸ್ಯ ಮಾಡುತ್ತಿದ್ದಾರೆಯೇ ಎಂದು ಮುಖ ನೋಡಿದೆ. ಇಲ್ಲ. ಬಡವರ ಮನೆಗೆ ಯಾರೂ ಉಳದ ಸರ್ಕಾರಿ ಜಮೀನುಗಳನ್ನು ಪಟ್ಟಿ ಮಾಡಿ ಎಂದು ಆದೇಶ ಬಂದಿತ್ತು, ಅವರು ಪಟ್ಟಿ ಮಾಡಿದ್ದರು. ಊರಿಗೆ ಹತ್ತಿರ, ಗಟ್ಟಿ ನೆಲ, ತಕರಾರಿಲ್ಲದ್ದು. ಪಟ್ಟಿಯಲ್ಲಿ ಇದಕ್ಕೇ ಮೊದಲ ಜಾಗ ಸಿಕ್ಕಿತ್ತು.

ಬಾಟಲಿಯ ಮುಚ್ಚಳ ತೆಗೆದು ಅವರ ಮೂಗಿನ ಹತ್ತಿರ ಹಿಡಿದೆ. ತಲೆ ಹಿಂದಕ್ಕೆಳೆದುಕೊಂಡರು. ಆಮೇಲೆ ಸಂಕಟದಿಂದಲೇ ಇನ್ನೊಂದು ಹಾಳೆ ತೋರಿಸಿದರು. ಪಂಪು ಹಾಕಿದ ಮೇಲೆ ನೀರಿನ ಪರೀಕ್ಷೆಯೂ ಆಗಿತ್ತು. ಉಪ್ಪು ನೋಡಿದ್ದರು, ಗಡಸು ನೋಡಿದ್ದರು. ಕುಡಿಯಲು ಯೋಗ್ಯ ಎಂದಿತ್ತು. ಪುಡಿಯನ್ನು ಹುಡುಕಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ಷರಾ ಇನ್ನೊಂದು ಬೀರುವಿನಲ್ಲಿತ್ತು.

"ಏನು ಮಾಡಬೇಕು ಹೇಳಿ," ಎಂದೆ.

"ಮನೆ ಸಿಕ್ಕಿದವರೇ ಅರ್ಜಿ ಕೊಡಬೇಕು, ಇಲ್ಲಿ ವಾಸ ಮಾಡೋಕಾಗಲ್ಲ ಅಂತ. ಸಾಹೇಬರಿಗೆ ಇಡ್ತೀನಿ. ಷರಾದಲ್ಲಿ ವಾಸಕ್ಕೂ ಯೋಗ್ಯವಲ್ಲ ಅಂತ ಸೇರುತ್ತೆ. ಆದರೆ ಮೇಷ್ಟ್ರೇ, ಅದು ಸೇರಿದ ದಿನವೇ ಹಕ್ಕುಪತ್ರ ರದ್ದು."

"ಬೇರೆ ಜಾಗ?"

"ಸಿಕ್ಕಾಗ."

ಚಿಕ್ಕಮ್ಮನಿಗೆ ಇದನ್ನು ಹೇಗೆ ಹೇಳುವುದು? ಅವಳ ಗಂಡ ಶಿವನಿ ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಿದ್ದ. ಮದುವೆಯಾದಾಗಿನಿಂದ ಅವರು ಇದ್ದದ್ದು ಒಬ್ಬರಲ್ಲ ಒಬ್ಬರ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ. ದನ ಈದರೆ ಇವರು ಹಾಸಿಗೆ ಎತ್ತಬೇಕಿತ್ತು. ಈ ಮನೆ ಅವಳ ಹೆಸರಿನಲ್ಲೇ ಬಂದಿತ್ತು. ಹಕ್ಕುಪತ್ರವನ್ನು ದೇವರ ಪಟದ ಹಿಂದೆ ಇಟ್ಟಿದ್ದಳು.

ನಾನು ಹೇಳಿದ್ದನ್ನೆಲ್ಲ ಕೇಳಿ ಅವಳು ಎದ್ದು ನಿಂತಳು. "ನೀರು ತಾನೇ? ಊರ ಬಾವಿಯಿಂದ ಹೊತ್ಕಂಡ್ ಬತ್ತೀನಿ. ಮನೆ ಬಿಡಲ್ಲ."

"ನೆಲದಲ್ಲೇ ಐತೆ ಚಿಕ್ಕಮ್ಮ."

"ನೆಲ ನಾನೇನು ತಿಂತೀನಾ? ಲೇ, ಓದ್ಸಿದ್ದು ಜಾಸ್ತಿ ಆಯ್ತು ನಿಂಗೆ. ಅಕ್ಕನ ಮಗ ಅಂತ ಸುಮ್ಕಿದೀನಿ. ಇನ್ಯಾರಾದ್ರೂ ಈ ಮಾತಾಡಿದ್ರೆ ಪೊರಕೆ ತಗೀತಿದ್ದೆ."

ಮಗಳು ಗೋಡೆಗೆ ಒರಗಿ ಕೂತಿದ್ದಳು, ಎರಡೂ ಕೈ ಹೊಟ್ಟೆಯ ಮೇಲೆ.

ನನ್ನಿಂದ ಆಗಲಿಲ್ಲ ಎಂದು ಅಪ್ಪನನ್ನು ಕರೆದುಕೊಂಡು ಹೋದೆ. ಅವರು ಒಳಗೆ ಬರಲಿಲ್ಲ. ಹಿತ್ತಿಲ ಕಡೆಯಿಂದ ಸುತ್ತಿ ಬಂದು ಬಚ್ಚಲ ಹತ್ತಿರ ನಿಂತವರು ಹಾಗೇ ಕುಕ್ಕರಗಾಲಲ್ಲಿ ಕೂತರು. ತಿಕ್ಕಿ ಬೋರಲು ಹಾಕಿದ ಪಾತ್ರೆಗಳು. ಪಕ್ಕದಲ್ಲಿ ತೆಂಗಿನ ಚಿಪ್ಪು, ಅದರ ತುಂಬ ಬೂದಿ. ಬೂದಿ ಎಂದು ನಾನಂದುಕೊಂಡೆ. ಅಪ್ಪ ಒಂದು ಚಿಟಿಕೆ ತೆಗೆದು ಮೂಸಿ ನೋಡಿದರು. ಹಿತ್ತಿಲ ಬಾಗಿಲಿಗೆ ಬಂದ ಚಿಕ್ಕಮ್ಮನ ಕಡೆ ಚಿಪ್ಪನ್ನು ಎತ್ತಿ ಹಿಡಿದರು.

"ಇದೆಲ್ಲಿಂದ ತಂದ್ಯವ್ವ?"

"ಇಲ್ಲೇ ಹಿತ್ಲಾಗೆ ಭಾವ. ಬಚ್ಚಲ ಗುಂಡಿ ತೋಡುವಾಗ ಸಿಕ್ತು. ಒಲೆ ಬೂದಿಗಿಂತ ಚೆಂದ ಬೆಳಗ್ತದೆ. ಪಕ್ಕದ ಮನೆಯೋರೂ ಒಯ್ದವ್ರೆ."

ಅನ್ನದ ತಪ್ಪಲೆ, ಸಾರಿನ ಪಾತ್ರೆ, ಆ ಬಸುರಿ ಹುಡುಗಿಯ ತಟ್ಟೆ, ಎಲ್ಲವನ್ನೂ ದಿನಾ ಅದರಲ್ಲೇ ತಿಕ್ಕಿದ್ದರು.

"ಅದು ಪುಡಿ ಕಣವ್ವ," ಎಂದರು ಅಪ್ಪ. "ನಾನೇ ಇಳಿಸಿದ ಪುಡಿ."

ಚಿಕ್ಕಮ್ಮ ಚಿಪ್ಪನ್ನು ನೋಡಿದಳು, ಅಪ್ಪನನ್ನು ನೋಡಿದಳು. ಆಮೇಲೆ ಕೇಳಿದಳು: "ಭಾವ, ಮನೆ ಒಕ್ಕಲಾದ ದಿನ ಪಾನಕ ಕೊಟ್ರೆ ಬ್ಯಾಡ ಅಂದ್ರಿ. ಹೊಟ್ಟೆ ಸರಿ ಇಲ್ಲ ಅಂದ್ರಿ. ನಿಮಗೆ ಅವತ್ತೇ ಗೊತ್ತಿತ್ತಾ?"

"ಹಗೇವು ಸೋರಲ್ಲ ಅಂತ ನಂಬಿದ್ದೆ ಕಣವ್ವ. ನಿಂಗೆ ಮನೆ ಆಯ್ತಲ್ಲ ಅಂತ ಖುಷಿನೂ ಇತ್ತು. ಆದ್ರೂ ಲೋಟ ಬಾಯಿಗೆ ತಂದ್ರೆ ಗಂಟಲಾಗೆ ಇಳೀಲಿಲ್ಲ."

ನಾನು ಅಪ್ಪನನ್ನೇ ನೋಡುತ್ತ ನಿಂತೆ. ನನ್ನ ಕಾಲೇಜಿನ ಫೀಜಿಗೆ ಜೋಡೆತ್ತು ಮಾರಿದ ಮನುಷ್ಯ. ಜೀವಮಾನದಲ್ಲಿ ಒಬ್ಬರಿಗೂ ಕೇಡು ಬಯಸಿದವರಲ್ಲ. ಆ ಮನುಷ್ಯ ಲೋಟವನ್ನು ಕೆಳಗಿಟ್ಟು ಸುಮ್ಮನೆ ಮನೆಗೆ ಬಂದಿದ್ದರು. ಅದೇ ನೀರನ್ನು ಇವರೆಲ್ಲ ಅಂದಿನಿಂದ ಕುಡಿಯುತ್ತಿದ್ದರು. ಆ ಕ್ಷಣದ ದಿಗಿಲು ಇಂದಿಗೂ ನನ್ನನ್ನು ಪೂರ್ತಿ ಬಿಟ್ಟಿಲ್ಲ.

ಚಿಕ್ಕಮ್ಮ ಬೈಯಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಹಕ್ಕುಪತ್ರ ತಂದು ನನ್ನ ಕೈಗೆ ಕೊಟ್ಟಳು. "ಬರಿಯೋ ಅರ್ಜಿ. ಏನು ಬರಿತೀಯೋ ಗಟ್ಟಿಯಾಗಿ ಓದ್ತಾ ಬರಿ."

ಅಲ್ಲೇ ಕೂತು ಬರೆದೆ, ಓದಿದೆ. ನೆಲ, ನೀರು, ಪಾತ್ರೆ ತಿಕ್ಕಿದ್ದು, ಬಸುರಿ ಇರುವುದು. ಎಲ್ಲ ಕೇಳಿಸಿಕೊಂಡು ಅವಳೆಂದಳು: "ಪುಡಿ ಹೂಳಲಾಗಿದೆ ಅಂತ ಐತಲ್ಲ, ಅದು ತಾನಾಗೇ ಹೋಗಿ ಹೂತ್ಕಂತಾ?"

ನನ್ನ ಪೆನ್ನು ನಿಂತಿತು.

"ಬರಿ," ಎಂದರು ಅಪ್ಪ. "ನನ್ ಹೆಸ್ರೇ ಬರಿ. ಊರೋರು ಹೇಳಿದ್ರು, ನಾನು ಇಳ್ದು ಜೋಡ್ಸಿದೆ ಅಂತ ಬರಿ." ಬರೆದ ಮೇಲೆ ಕೇಳಿದರು, "ಅದ್ರಾಗೆ ನನ್ ಹೆಸ್ರು ಎಲ್ಲೈತೆ ತೋರ್ಸು." ತೋರಿಸಿದೆ. ಆ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿ, ಅದರ ಪಕ್ಕದಲ್ಲೇ ಹೆಬ್ಬೆಟ್ಟು ಒತ್ತಿದರು. ಚಿಕ್ಕಮ್ಮ ಕೆಳಗೆ ಒತ್ತಿದಳು. ಚಿಪ್ಪು ನೋಡಿದ ಪಕ್ಕದ ಮನೆಗಳವರು ಒಬ್ಬೊಬ್ಬರಾಗಿ ಬಂದು ಒತ್ತಿದರು. ಕೆಲವರು ಬರಲಿಲ್ಲ, ಬೈದವರೂ ಇದ್ದರು.

ತರೀಕೆರೆಯ ಗುಮಾಸ್ತರು ಅರ್ಜಿ ಓದಿ ತಲೆಯೆತ್ತಿದರು. "ನಿಮ್ಮ ತಂದೆ ಹೆಸರು ಯಾಕ್ರೀ ಇದರಲ್ಲಿ? ತೆಗೆದು ಬೇರೆ ಬರೆದುಕೊಡಿ. ನಾಳೆ ಏನಾದರೂ ಆದರೆ?"

"ಇರಲಿ ಸಾರ್. ಅದು ನಿಜ," ಎಂದೆ.

ಷರಾ ಸೇರಿತು. ಹೇಳಿದ ಹಾಗೆಯೇ ಹಕ್ಕುಪತ್ರಗಳೂ ರದ್ದಾದವು. ಚಿಕ್ಕಮ್ಮನ ಮಗಳು ನಮ್ಮ ಮನೆಯ ನಡುಮನೆಯಲ್ಲಿ ಹೆತ್ತಳು. ಕೂಸು ತೀರಾ ಸಣ್ಣದಾಗಿತ್ತು, ಬದುಕಿತು. ಅದು ನೀರಿನಿಂದಲೋ ಅಲ್ಲವೋ ಎಂದು ಹೇಳುವ ಶಕ್ತಿ ನನ್ನ ಬಿ.ಎಸ್ಸಿ.ಗೆ ಇರಲಿಲ್ಲ, ಅದನ್ನು ಹೇಳಬಲ್ಲವರು ಯಾರೂ ನಮಗೆ ಸಿಗಲೂ ಇಲ್ಲ.

ದಿಣ್ಣೆಯ ಮನೆ ಬಿಟ್ಟ ದಿನ ಪಾತ್ರೆಗಳನ್ನೆಲ್ಲ ಅಲ್ಲೇ ಬಿಟ್ಟು, ಹಾಸಿಗೆಯ ಸುರುಳಿಯನ್ನು ತಲೆಯ ಮೇಲೆ ಹೊತ್ತು ಹೊರಬಂದ ಚಿಕ್ಕಮ್ಮ, ಬಾಗಿಲೆಳೆದು ಬೀಗ ಹಾಕಿದಳು. ಎರಡು ಸಲ ಜಗ್ಗಿ ನೋಡಿದಳು.

"ಇನ್ನು ಬೀಗ ಯಾಕೆ ಚಿಕ್ಕಮ್ಮ? ಮನೆ ನಿನ್ನದಲ್ಲವಲ್ಲ," ಎಂದೆ.

"ಅದ್ಕೇ ಕಣೋ," ಎಂದಳು. "ಖಾಲಿ ಐತೆ ಅಂತ ಇನ್ನೊಂದು ಬಸುರಿ ಬಂದು ಸೇರ್ಕಂಡ್ರೆ?"